ಅಜ್ಜನ ಚಾಕು ಹೇಳಿದ ಗುಟ್ಟು

ಮಕ್ಕಳೇ, ಆಯುಧ ಪೂಜೆಯ ಹಿಂದಿನ ದಿನ ನಿಮ್ಮ ಮನೆಯಲ್ಲಿ ಏನೇನು ಹೊರಗೆ ಬರುತ್ತದೆ? ಹೊಳಲಿನ ನಮ್ಮ ಮನೆಯಲ್ಲಿ ಕುಡಗೋಲು, ಕೊಡಲಿ, ಸಲಿಕೆ, ಈಳಿಗೆ, ಅಡಕೊತ್ತು, ಕತ್ತರಿ ಎಲ್ಲವೂ ಪಡಸಾಲೆಗೆ ಬಂದು ಸಾಲಾಗಿ ಕೂರುತ್ತವೆ. ಹೊಲಿಗೆ ಯಂತ್ರಕ್ಕೂ ಸೈಕಲ್ಲಿಗೂ ಅಂದು ಸ್ನಾನ. ಈ ಸಲ ದಸರಾ ರಜೆಗೆ ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ಹಳೆಯ ಟ್ರಂಕಿನ ತಳದಿಂದ ಒಂದು ಪುಟ್ಟ ಗಂಟು ತೆಗೆದ. ಬಟ್ಟೆ ಬಿಚ್ಚಿದರೆ ಬೆರಳುದ್ದದ ಒಂದು ಮಡಚು ಚಾಕು.

‘ಅಜ್ಜಾ, ಇದು ಯಾರದು? ಯಾವ ಕಂಪನಿದು?’ ಎಂದು ಕೇಳಿದ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅದು ನನ್ನ ಅಜ್ಜನದು. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿತ್ತು.

ನನಗಾಗ ಹನ್ನೊಂದು ವರ್ಷ. ಇಂಥದೇ ಒಂದು ಪೂಜೆಯ ಹಿಂದಿನ ದಿನ ‘ಎಲ್ಲಾ ಸಾಮಾನು ಲಕಲಕ ಹೊಳೀಬೇಕು’ ಎಂದು ದೊಡ್ಡವರು ಹೇಳಿದ್ದರು. ನಾನು ಅಜ್ಜನ ಚಾಕುವನ್ನು ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಅಷ್ಟಕ್ಕೆ ಸಮಾಧಾನವಾಗದೆ ಉಪ್ಪು ಕಾಗದ ಹಿಡಿದು ಉಜ್ಜಿದೆ. ಅಲಗಿನ ಬುಡದಲ್ಲಿ ಏನೋ ಸಣ್ಣ ಅಕ್ಷರಗಳಿದ್ದವು. ಅವು ನನಗೆ ಕೊಳೆಯಂತೆ ಕಂಡವು. ಅರ್ಧ ಗಂಟೆಯಲ್ಲಿ ಚಾಕು ಬೆಳ್ಳಿಯಂತಾಯಿತು. ಅಜ್ಜ ಅದನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ. ‘ಛಲೋ ತಿಕ್ಕೀಯಪಾ’ ಎಂದಷ್ಟೇ ಹೇಳಿ ಜೇಬಿಗಿಟ್ಟುಕೊಂಡ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಹಳೆಯ ಚಾಕುವಿನಲ್ಲಿ ಆ ಸಣ್ಣ ಅಕ್ಷರಗಳೇ ಅದರ ಜಾತಕ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಹಳೆಯ ಚಾಕುಗಳನ್ನು ಕೂಡಿಡಲು ತೊಡಗಿದಾಗ. ಈಗ ನನ್ನ ಹತ್ತಿರ ಇಪ್ಪತ್ತರ ಮೇಲೆ ಚಾಕುಗಳಿವೆ. ಮೈಲಾರ ಜಾತ್ರೆಯ ಅಂಗಡಿಗಳಲ್ಲಿ, ಸಂತೆಯ ಗುಜರಿ ರಾಶಿಗಳಲ್ಲಿ, ನೆಂಟರ ಮನೆಯ ಅಟ್ಟದಲ್ಲಿ ಸಿಕ್ಕವು. ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಚಾಕುವನ್ನು ಓದುವುದು ಹೇಗೆಂದು ಹೇಳಿಕೊಟ್ಟೆ. ನಿಮಗೂ ಹೇಳುತ್ತೇನೆ.

ಮೊದಲು ಅಂಗಾಂಗಗಳ ಹೆಸರು. ಕತ್ತರಿಸುವ ಭಾಗ ಅಲಗು. ಅಲಗಿನ ಹರಿತವಾದ ಅಂಚು ಬಾಯಿ. ಹಿಡಿಯ ಬೆನ್ನಿನೊಳಗೆ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದೇ ಸ್ಪ್ರಿಂಗು. ಚಾಕು ತೆರೆದಾಗ, ಮುಚ್ಚಿದಾಗ ಟಕ್ ಎಂದು ಸದ್ದು ಬರುವುದು ಅದರಿಂದ. ಅಲಗಿನ ಮೇಲ್ಭಾಗದಲ್ಲಿ ಉಗುರು ಸಿಕ್ಕಿಸಿ ಎಳೆಯಲು ಒಂದು ಗೀರು ಇರುತ್ತದೆ. ಹಿಡಿಯೊಳಗೆ ಹೋಗುವ ಮೊದಲು ಅಲಗು ದಪ್ಪಗಾಗುವ ಜಾಗವೇ ಬುಡ. ತಯಾರಿಸಿದವರು ತಮ್ಮ ಹೆಸರು, ಊರು, ಗುರುತು ಒತ್ತುವುದು ಅಲ್ಲಿ.

ಇಂಗ್ಲಿಷಿನಲ್ಲಿ ಇಂಥ ಪುಟ್ಟ ಚಾಕುವಿಗೆ ಪೆನ್‌ನೈಫ್ ಎನ್ನುತ್ತಾರೆ. ಪೆನ್ನಿಗೂ ಚಾಕುವಿಗೂ ಏನು ಸಂಬಂಧ? ಹಿಂದೆ ಯುರೋಪಿನಲ್ಲಿ ಹೆಬ್ಬಾತಿನ ಗರಿಯಿಂದ ಬರೆಯುತ್ತಿದ್ದರು. ಬರೆದು ಬರೆದು ಗರಿಯ ತುದಿ ಮೊಂಡಾದಾಗ ಅದನ್ನು ಹೆರೆಯಲು ಈ ಚಾಕು. ನಮ್ಮಲ್ಲಿಯೂ ಹಾಗೆಯೇ. ಬಿದಿರು, ಲಾಳದ ಕಡ್ಡಿಗಳ ಲೆಕ್ಕಣಿಕೆಯನ್ನು ಚಾಕುವಿನಿಂದಲೇ ಚೂಪು ಮಾಡುತ್ತಿದ್ದರು. ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಕಂಟದ ಜೊತೆಗೆ, ಗರಿಯ ಅಂಚು ಕತ್ತರಿಸಲು ಒಂದು ಅಲಗನ್ನೂ ಸೇರಿಸಿ ಮಡಚಿಡುವ ಉಪಕರಣ ದಕ್ಷಿಣ ಭಾರತದಲ್ಲಿತ್ತು. ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿರುವ ಪೆನ್ಸಿಲ್ ಮೆಂಡರಿಗೆ ಈ ಚಾಕುಗಳೇ ಅಜ್ಜಂದಿರು.

ಇನ್ನೊಂದು ಸಂಗತಿ ಕೇಳಿದರೆ ನೀವು ಹಿಗ್ಗುತ್ತೀರಿ. 1794ರಲ್ಲಿ ಮುಂಬೈಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ನಮ್ಮ ದೇಶದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಅದರ ಬಗ್ಗೆ ಪ್ರಬಂಧ ಬರೆದರು. ಆ ಉಕ್ಕಿನ ತುಂಡನ್ನು ಬಡಿದು ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕುಗಾರರು ಏನು ಮಾಡಿದರು ಗೊತ್ತೇ? ಒಂದು ಪೆನ್‌ನೈಫ್! ಅತ್ಯುತ್ತಮ ಉಕ್ಕಿನ ಚಾಕುವಿನಷ್ಟೇ ಚೆನ್ನಾಗಿ ಅದು ಕೊಯ್ಯಿತಂತೆ. ಮುಂದೆ ಇದೇ ಸ್ಟೊಡಾರ್ಟ್ ಮತ್ತು ಮೈಕೆಲ್ ಫ್ಯಾರಡೆ ಸೇರಿ, ಅಂಥ ಉಕ್ಕನ್ನು ತಾವೂ ಮಾಡಬಹುದೇ ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿದರು. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಫ್ಯಾರಡೆ ಇವರೇ.

ಯುರೋಪಿನವರು ಆ ಉಕ್ಕನ್ನು ‘ವೂಟ್ಜ್’ ಎಂದು ಕರೆದರು. ಅದು ಎಲ್ಲಿಂದ ಬಂದ ಪದ? ನಮ್ಮ ಕನ್ನಡದ ‘ಉಕ್ಕು’ ಎಂಬುದೇ ಅವರ ಬಾಯಲ್ಲಿ, ಬರಹದಲ್ಲಿ ಹಾಗಾಯಿತು ಎಂದು ಬಲ್ಲವರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾರೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿರೆಲೆಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರಂತೆ. ನಮ್ಮ ಹೊಲಗಳ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುತ್ತದಲ್ಲ, ಅದೇ ತಂಗಡಿ. ಕಡ್ಡಿ, ಎಲೆಗಳಲ್ಲಿರುವ ಇಂಗಾಲ ಕಬ್ಬಿಣದೊಳಗೆ ಸೇರಿದರೆ ಅದು ಉಕ್ಕಾಗುತ್ತದೆ.

ಆದರೆ ನನ್ನ ಅಜ್ಜನ ಕಾಲಕ್ಕೆ ಆ ಕುಲುಮೆಗಳು ತಣ್ಣಗಾಗಿದ್ದವು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳ ಚಾಕುಗಳು ನಮ್ಮ ಪೇಟೆಗೆ ಬರುತ್ತಿದ್ದವು. ಆಗ ನಮ್ಮ ಹಡಗಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸ್ ಪ್ರಾಂತದಲ್ಲಿತ್ತು. ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತ. 1953ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಎರಡು ಪ್ರಾಂತಗಳ ನಡುವಿನ ಊರಾದ್ದರಿಂದ ಎರಡೂ ಕಡೆಯ ಸರಕು ನಮ್ಮ ಸಂತೆ, ಜಾತ್ರೆಗಳಿಗೆ ಬರುತ್ತಿತ್ತು.

ಈಗ ಹಳೆಯ ಚಾಕುವಿನ ವಯಸ್ಸು ಅಂದಾಜು ಮಾಡುವುದು ನೋಡೋಣ. ಭೂತಕನ್ನಡಿ ಹಿಡಿದು ಬುಡವನ್ನು ನೋಡಬೇಕು, ಎರಡೂ ಮೈ ನೋಡಬೇಕು. ಶೆಫೀಲ್ಡಿನಲ್ಲಿ ಚಾಕುಗಾರರ ಸಂಘ 1624ರಿಂದಲೂ ಇದೆ. ಒಬ್ಬರ ಗುರುತನ್ನು ಇನ್ನೊಬ್ಬರು ಒತ್ತಬಾರದೆಂದು ಅದು ಕಟ್ಟುಪಾಡು ಮಾಡಿತ್ತು. ಜೋಸೆಫ್ ರಾಜರ್ಸ್ ಕಂಪನಿಯ ಗುರುತು ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ. ಆ ಗುರುತು ದಾಖಲಾದದ್ದು 1682ರಲ್ಲಿ. ಸೋಲಿಂಗೆನ್ನಿನ ಹೆಂಕೆಲ್ಸ್ ಚಾಕುವಿನ ಮೇಲೆ ಅವಳಿಗಳ ಚಿತ್ರ ಇರುತ್ತದೆ, ಅದು 1731ರಿಂದ ಬಂದದ್ದು. ಗುರುತು ಹಳೆಯದಾದ ಮಾತ್ರಕ್ಕೆ ಚಾಕುವೂ ಅಷ್ಟೇ ಹಳೆಯದು ಎಂದು ಹಿಗ್ಗಬೇಡಿ. ಆ ಗುರುತುಗಳನ್ನು ನೂರಾರು ವರ್ಷ ಒತ್ತುತ್ತಲೇ ಬಂದಿದ್ದಾರೆ.

ವರ್ಷ ಹೇಳುವ ಸುಳಿವುಗಳು ಬೇರೆ ಇವೆ. ಕೆಲವು ಇಂಗ್ಲಿಷ್ ಚಾಕುಗಳಲ್ಲಿ ಕಿರೀಟದ ಆಚೆ ಈಚೆ ಎರಡು ಅಕ್ಷರ ಇರುತ್ತವೆ. ‘ವಿ ಆರ್’ ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ರ ಒಳಗೆ. ‘ಇ ಆರ್’ ಎಂದಿದ್ದು ಹಳೆಯದಾಗಿದ್ದರೆ ಏಳನೆಯ ಎಡ್ವರ್ಡ್ ದೊರೆಯ ಕಾಲ, 1901ರಿಂದ 1910. ‘ಸ್ಟೇನ್‌ಲೆಸ್’ ಎಂಬ ಪದ ಕಂಡರೆ ಅದು 1913ಕ್ಕಿಂತ ಹಳೆಯದಲ್ಲ. ಏಕೆಂದರೆ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ್ದು ಆ ವರ್ಷ. ಸ್ವಿಟ್ಜರ್ಲೆಂಡಿನ ಕೆಂಪು ಚಾಕು ನಿಮಗೆ ಗೊತ್ತಿರಬಹುದು. ಅದನ್ನು ಮಾಡಿದ ಕಾರ್ಲ್ ಎಲ್ಸೆನರ್ 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ಚಾಕುವಿಗೆ ಇಟ್ಟರು. ತುಕ್ಕು ಹಿಡಿಯದ ಉಕ್ಕಿಗೆ ಅಲ್ಲಿ ‘ಇನಾಕ್ಸ್’ ಎನ್ನುತ್ತಾರೆ. 1921ರಲ್ಲಿ ಎರಡೂ ಸೇರಿ ‘ವಿಕ್ಟೋರಿನಾಕ್ಸ್’ ಆಯಿತು. ತಾಯಿಯ ಹೆಸರು ಇಂದಿಗೂ ಲೋಕದ ಜೇಬಿನಲ್ಲಿದೆ.

ಹುಷಾರಾಗಿಯೂ ಇರಬೇಕು. ಒಳ್ಳೆಯ ಹೆಸರು ಇದ್ದ ಕಡೆ ನಕಲೂ ಇರುತ್ತದೆ. ರಾಜರ್ಸ್ ಹೆಸರನ್ನು ಒಂದಕ್ಷರ ಬದಲಿಸಿ ಒತ್ತಿದ ಅಗ್ಗದ ಚಾಕುಗಳು ಬಹಳ ಬಂದವು. ಆದ್ದರಿಂದ ಹೆಸರನ್ನು ಒಂದೊಂದೇ ಅಕ್ಷರ ಓದಬೇಕು. ಏನೂ ಹೆಸರಿಲ್ಲದ ಚಾಕುವನ್ನು ಕೀಳಾಗಿಯೂ ಕಾಣಬಾರದು. ಊರಿನ ಕಮ್ಮಾರ ಬಡಿದು ಮಾಡಿದ ಚಾಕುವಿನಲ್ಲಿ ಹೆಸರಿರುವುದಿಲ್ಲ. ಸುತ್ತಿಗೆಯ ಏಟುಗಳೇ ಅವನ ರುಜು. ಉತ್ತರ ಪ್ರದೇಶದ ರಾಂಪುರದ ಮಡಚು ಚಾಕುಗಳೂ ಬಹಳ ಹೆಸರಾದವು. ಆ ಊರಿನವರು 2023ರಲ್ಲಿ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನೇ ನಿಲ್ಲಿಸಿದ್ದಾರೆ.

ಹಿಡಿಯನ್ನೂ ಓದಬೇಕು. ಮೂಳೆಯ ಹಿಡಿಯಲ್ಲಿ ಸೂಜಿಮೊನೆಯಂಥ ಸಣ್ಣ ಚುಕ್ಕಿ, ಗೆರೆಗಳಿರುತ್ತವೆ. ಕೋಣ, ಎತ್ತಿನ ಕೊಂಬಿನಲ್ಲಿ ಹೊಗೆಯಂಥ ಎಳೆಗಳು ಕಾಣುತ್ತವೆ, ಬೆಳಕಿಗೆ ಹಿಡಿದರೆ ತೆಳುವಾದ ಕಡೆ ತುಸು ಹೊಳೆಯುತ್ತದೆ. ಒರಟಾದ ಕಂದು ಹಿಡಿ ಇದ್ದರೆ ಕಡವೆ ಕೊಂಬು ಇರಬಹುದು. ಭಾರತದ ಕಾಡುಗಳ ಕಡವೆ ಕೊಂಬುಗಳು ಹಡಗೇರಿ ಶೆಫೀಲ್ಡಿಗೆ ಹೋಗಿ, ಚಾಕುವಿನ ಹಿಡಿಯಾಗಿ ಮತ್ತೆ ಇಲ್ಲಿಗೇ ಮಾರಾಟಕ್ಕೆ ಬರುತ್ತಿದ್ದವು! ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ದಂತ, ಕಡವೆ ಕೊಂಬುಗಳ ವ್ಯಾಪಾರ ಅಪರಾಧ. ಅಂಥದ್ದನ್ನು ಯಾರಾದರೂ ಮಾರಲು ಬಂದರೆ ಬೇಡವೆನ್ನಿ.

ಇಷ್ಟು ಹೇಳಿಕೊಟ್ಟ ಮೇಲೆ ನಾನೂ ಮೊಮ್ಮಗನೂ ಅಜ್ಜನ ಚಾಕುವನ್ನು ಕೈಗೆತ್ತಿಕೊಂಡೆವು. ಬಾಗಿಲು ಮುಂದೆ ಮಾಡಿ, ಕತ್ತಲಲ್ಲಿ ಟಾರ್ಚನ್ನು ಬದಿಯಿಂದ ಓರೆಯಾಗಿ ಬಿಟ್ಟೆವು. ನೇರ ಬೆಳಕಿನಲ್ಲಿ ಕಾಣದ ಗೀರುಗಳು ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಕಾಣುತ್ತವೆ. ಬುಡದ ಕೊನೆಯಲ್ಲಿ ಮೂರು ಅಕ್ಷರಗಳ ನೆರಳು ಸಿಕ್ಕಿತು. ಇ, ಎಲ್, ಡಿ. ‘ಅಜ್ಜಾ, ಶೆಫೀಲ್ಡ್!’ ಎಂದು ಹುಡುಗ ಕುಣಿದ. ಇರಬಹುದು. ಆದರೆ ಅದರ ಮೇಲಿನ ಸಾಲಿನಲ್ಲಿದ್ದ ಹೆಸರು ಪೂರ್ತಿ ಹೋಗಿತ್ತು. ಎಷ್ಟು ತಿರುಗಿಸಿದರೂ ಬರಲಿಲ್ಲ. ಅದನ್ನು ಅಳಿಸಿದವನು ನಾನೇ ಎಂದು ಆಗ ಅವನಿಗೆ ಹೇಳಿದೆ. ಅವನು ನನ್ನನ್ನು ನೋಡಿದ, ಚಾಕುವನ್ನು ನೋಡಿದ. ‘ಹೋಗ್ಲಿ ಬಿಡು ಅಜ್ಜ, ಇನ್ನೇನಾದ್ರೂ ಇರ್ತದ ನೋಡೋಣು’ ಎಂದ.

ಇತ್ತು. ಅದನ್ನು ಕಂಡವನೂ ಅವನೇ.

ಕೊಂಬಿನ ಹಿಡಿಯ ಒಂದು ಮೈ ಸಪಾಟಾಗಿತ್ತು. ಇನ್ನೊಂದು ಮೈಯಲ್ಲಿ, ಅಲಗಿನ ಹತ್ತಿರ, ಹುಣಸೆ ಬೀಜ ಕೂರುವಷ್ಟು ತಗ್ಗು. ಹೆಬ್ಬೆರಳು ಒತ್ತಿ ಒತ್ತಿ ಸವೆದದ್ದು. ಅದರಲ್ಲೇನು ವಿಶೇಷ ಎನ್ನುತ್ತೀರಾ? ಚಾಕು ಬೇಡ, ಒಂದು ಸ್ಕೇಲನ್ನು ಚಾಕುವಿನಂತೆ ಬಲಗೈಯಲ್ಲಿ ಹಿಡಿಯಿರಿ. ತುದಿ ಮುಂದಕ್ಕಿರಲಿ, ಒಂದು ಅಂಚು ನೆಲದ ಕಡೆಗಿರಲಿ. ನಿಮ್ಮ ಹೆಬ್ಬೆರಳು ಎಡ ಮೈಮೇಲೆ ಕೂತಿದೆ, ಅಲ್ಲವೇ? ಉಗುರಿನ ಗೀರೂ ಸಾಮಾನ್ಯವಾಗಿ ಅದೇ ಎಡ ಮೈಮೇಲೆ ಇರುತ್ತದೆ. ನನ್ನ ಬೇರೆ ಸವೆದ ಚಾಕುಗಳಲ್ಲೆಲ್ಲ ಗೀರು, ತಗ್ಗು ಎರಡೂ ಒಂದೇ ಕಡೆ. ಅಜ್ಜನ ಚಾಕುವಿನಲ್ಲಿ ಮಾತ್ರ ಗೀರು ಒಂದು ಕಡೆ, ತಗ್ಗು ಇನ್ನೊಂದು ಕಡೆ.

ಮೊಮ್ಮಗ ಮುಚ್ಚಿದ ಚಾಕುವನ್ನು ಎಡಗೈಗೆ ತೆಗೆದುಕೊಂಡ. ಅವನ ಹೆಬ್ಬೆರಳು ಆ ತಗ್ಗಿನಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ‘ಅಜ್ಜಾ, ನಿನ್ನ ಅಜ್ಜ ನನ್ನಂಗ!’

ಹೇಳುವುದು ಮರೆತೆ. ನನ್ನ ಮೊಮ್ಮಗ ಎಡಚ. ಬರೆಯುವುದು, ಚೆಂಡು ಎಸೆಯುವುದು ಎಲ್ಲ ಎಡಗೈ. ರಜೆಗೆ ಬಂದಾಗಲೆಲ್ಲ ಅವನನ್ನು ‘ಬಲಗೈ, ಬಲಗೈ’ ಎಂದು ಕಾಡುತ್ತಿದ್ದವನು ನಾನೇ. ‘ನಮ್ಮ ಮನೆತನದಾಗ ಯಾರೂ ಹಿಂಗಿಲ್ಲ’ ಎಂದು ಎಷ್ಟು ಸಲ ಅಂದಿದ್ದೇನೋ.

ಸಂಜೆ ಓಣಿಯ ಕೊನೆಯಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಇಬ್ಬರೂ ಹೋದೆವು. ಅತ್ತೆಗೆ ಎಂಬತ್ತರ ಮೇಲಾಗಿದೆ. ಅಜ್ಜನ ಮಕ್ಕಳಲ್ಲಿ ಈಗ ಉಳಿದಿರುವುದು ಅವರೊಬ್ಬರೇ. ಚಾಕುವನ್ನು ಕೈಯಲ್ಲಿಟ್ಟೊಡನೆ ಕಣ್ಣಿಗೆ ಒತ್ತಿಕೊಂಡರು.

‘ಮೈಲಾರ ಜಾತ್ರಿಯಾಗ ತಂದಿದ್ದ ನಮ್ಮಪ್ಪ. ನಾ ಇನ್ನಾ ಲಂಗ ಉಡ್ತಿದ್ದೆ. ಮಲ್ಲಿಗಿ ಗಿಡ ಸವರೋದಕ್ಕೂ ಇದ, ಹೂ ಕಟ್ಟೋ ಬಾಳಿನಾರು ಕೊಯ್ಯೋದಕ್ಕೂ ಇದ, ಅಡಕಿ ಹೆಚ್ಚೋದಕ್ಕೂ ಇದ.’

‘ಯಾವ ಕೈಲೆ ಹೆಚ್ಚುತಿದ್ದರು ಅತ್ತಿ?’

ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. ‘ಎಡಗೈಲೆ. ಸಣ್ಣಂವ ಇದ್ದಾಗ ಸಾಲಿಯೊಳಗ ಎಡಗೈ ಕಟ್ಟಿಹಾಕಿ ಬರಿಸ್ತಿದ್ರಂತ. ಅದಕ್ಕ ಸಾಲಿನ ಬಿಟ್ಟ. ಊಟ, ಪೂಜಿ ಬಲಗೈಲೆ ಮಾಡಾಂವ. ಮಂದಿ ಮುಂದ ಎಡಗೈ ತೋರಸ್ತಿದ್ದಿಲ್ಲ. ಚಾಕು ಮಾತ್ರ ಎಡಗೈಲೆ ಹಿಡೀತಿದ್ದ.’

ಅರವತ್ತು ವರ್ಷ ಈ ಚಾಕು ನಮ್ಮ ಮನೆಯಲ್ಲೇ ಇತ್ತು. ನಾನು ಕಳೆದುಹೋದ ಕಂಪನಿಯ ಹೆಸರಿಗೆ ಮರುಗುತ್ತಿದ್ದೆ. ಅಜ್ಜನ ಕೈಯನ್ನು ಓದಿರಲಿಲ್ಲ. ಉಪ್ಪು ಕಾಗದ ಆ ತಗ್ಗಿಗೂ ತಾಗಿದ್ದರೆ ಅದೂ ಹೋಗುತ್ತಿತ್ತು. ಅತ್ತೆಯನ್ನು ಕೇಳಲು ಇನ್ನೂ ತಡಮಾಡಿದ್ದರೆ ಮೈಲಾರ ಜಾತ್ರೆಯ ಮಾತೂ ಹೋಗುತ್ತಿತ್ತು.

ಆದ್ದರಿಂದ ಹಳೆಯ ಚಾಕು ಸಿಕ್ಕರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಬಿಡುತ್ತೇನೆ. ಇಟ್ಟಂಗಿ ಪುಡಿ, ಹುಣಸೆಹಣ್ಣು, ಉಪ್ಪು ಕಾಗದ ಯಾವುದೂ ಬೇಡ. ಹತ್ತಿ ಬಟ್ಟೆಯಿಂದ ಒರೆಸಿ. ಕೀಲಿಗೆ ಒಂದೇ ಹನಿ ಹೊಲಿಗೆ ಯಂತ್ರದ ಎಣ್ಣೆ ಸಾಕು. ಅಲಗಿನ ಕಪ್ಪು, ಬೂದು ಬಣ್ಣವನ್ನು ಹಾಗೆಯೇ ಬಿಡಿ. ಅದು ವಯಸ್ಸಿನ ಬಣ್ಣ. ಕೆಂಪು ತುಕ್ಕು ಮಾತ್ರ ಎಣ್ಣೆ ಬಟ್ಟೆಯಿಂದ ನಿಧಾನವಾಗಿ ತೆಗೆಯಿರಿ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ಹದ ಮಾಡಿದ ರಸಾಯನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಡಿ.

ಮಕ್ಕಳೇ, ಚಾಕು ತೆರೆಯುವುದು, ಮುಚ್ಚುವುದು ದೊಡ್ಡವರ ಕೆಲಸ. ಹಳೆಯ ಸ್ಪ್ರಿಂಗು ಹೇಳದೆ ಕೇಳದೆ ಅಲಗನ್ನು ಬೆರಳ ಮೇಲೆ ಮುಚ್ಚಿಬಿಡುತ್ತದೆ. ಶಾಲೆಯ ಚೀಲದಲ್ಲಿ, ಜೇಬಿನಲ್ಲಿ ಚಾಕು ಇಟ್ಟುಕೊಂಡು ಹೊರಗೆ ಹೋಗಬಾರದು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ, ಕೆಳಗಿಟ್ಟು ಕೊಡಬೇಕು ಎಂದು ಅಜ್ಜಿಯರು ಹೇಳುತ್ತಾರಲ್ಲ, ಜಗಳದ ಮಾತು ಹಾಗಿರಲಿ, ಬೆರಳಿಗೆ ಅದು ಬಹಳ ಒಳ್ಳೆಯ ನಿಯಮ.

ಪೂಜೆಯ ದಿನ ಅಜ್ಜನ ಚಾಕುವನ್ನು ತಿಕ್ಕಲಿಲ್ಲ. ಒರೆಸಿ, ಕುಂಕುಮ ಹಚ್ಚಿ, ಒಂದು ಮಲ್ಲಿಗೆ ಇಟ್ಟೆವು. ಮೊಮ್ಮಗ ಪಕ್ಕದಲ್ಲಿ ಕೂತು ಒಂದು ಚೀಟಿ ಬರೆದ. ‘ಅಜ್ಜನ ಅಜ್ಜನ ಚಾಕು. ಮೈಲಾರ ಜಾತ್ರೆಯಲ್ಲಿ ಕೊಂಡದ್ದು. ಶೆಫೀಲ್ಡ್ ಇರಬಹುದು. ಕೊಂಬಿನ ಹಿಡಿ. ಇದನ್ನು ಹಿಡಿದವರು ಎಡಗೈಯವರು.’ ಎಡಗೈಯಲ್ಲೇ ಬರೆದ. ಅಕ್ಷರ ದುಂಡಗಿದ್ದವು. ನಾನು ‘ಬಲಗೈ’ ಎನ್ನಲಿಲ್ಲ, ಇನ್ನು ಅನ್ನುವುದೂ ಇಲ್ಲ.

ಈ ವಾರದ ಕೆಲಸ: ನಿಮ್ಮ ಮನೆಯಲ್ಲಿ ಚಾಕು ಇಲ್ಲದಿದ್ದರೆ ಅಡಕೊತ್ತು, ಕತ್ತರಿ, ಲಟ್ಟಣಿಗೆ, ಒರಳಿನ ಗುಂಡು ಯಾವುದಾದರೂ ಒಂದು ಹಳೆಯ ವಸ್ತು ಹುಡುಕಿ. ಅಜ್ಜ ಅಥವಾ ಅಜ್ಜಿಯ ಪಕ್ಕ ಕೂತು ಎಲ್ಲಿ ಸವೆದಿದೆ ನೋಡಿ. ಯಾರು ತಂದರು, ಎಲ್ಲಿಂದ ತಂದರು, ಯಾರ ಕೈಯಲ್ಲಿ ಹೆಚ್ಚು ಇತ್ತು ಎಂದು ಕೇಳಿ ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಅಜ್ಜ-ಅಜ್ಜಿಯರೇ, ಮಕ್ಕಳು ಕೇಳಲು ಬಂದಾಗ ‘ಆಮೇಲೆ ಹೇಳ್ತೀನಿ’ ಎನ್ನಬೇಡಿ. ಅವತ್ತೇ ಹೇಳಿಬಿಡಿ.